ರಿಯೊದಲ್ಲಿ ಪುಟ್ಟ ಕೋತಿ ನೋಡೋಕೆ ಹೊರಟವರಿಗೆ

ಕೇಳಿದ್ದು: ಮುಂದಿನ ತಿಂಗಳು ಮನೆಯವರ ಜೊತೆ ರಿಯೊ ಡಿ ಜನೈರೊಗೆ ಹೊರಟಿದ್ದೇವೆ. ಅಲ್ಲಿ ಊರೊಳಗೇ ಪುಟಾಣಿ ಕೋತಿಗಳು ಸಿಗುತ್ತವಂತೆ. ಮಾರ್ಮೊಸೆಟ್ ಯಾವುದು, ಟ್ಯಾಮರಿನ್ ಯಾವುದು ಅಂತ ಗುರುತು ಹಿಡಿಯೋದು ಹೇಗೆ? ಬಾಳೆಹಣ್ಣು ಕೊಟ್ಟರೆ ಮಗಳ ಹತ್ತಿರ ಬರುತ್ತವಾ?

ಉತ್ತರ 1: ಬರುತ್ತವೆ, ಆದರೆ ದಯವಿಟ್ಟು ಕೊಡಬೇಡಿ. ನಮ್ಮ ತುಟಿ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ ತಗುಲಿದರೆ ಮಾರ್ಮೊಸೆಟ್ ಬದುಕೋದು ಕಷ್ಟ. ಅವು ಕಚ್ಚಿದರೆ ನಮಗೆ ರೇಬಿಸ್ ಭಯ.

ನಾನು ಮಾರ್ಮೊಸೆಟ್ ನೋಡಿದ್ದು ಶುಗರ್‌ಲೋಫ್ ಬೆಟ್ಟದ ಬುಡದ ಕಾಲುದಾರಿಯಲ್ಲಿ. ಮೊದಲು ತೆಳ್ಳನೆಯ ಸಿಳ್ಳೆ ಕೇಳಿಸಿತು, ಯಾವುದೋ ಹಕ್ಕಿ ಅಂದುಕೊಂಡೆ. ಆಮೇಲೆ ಬೂದು ಮೈ, ಬಳೆ ತೊಡಿಸಿದ ಹಾಗೆ ಪಟ್ಟೆ ಪಟ್ಟೆ ಬಾಲ, ಕಿವಿ ಪಕ್ಕ ಕೂದಲ ಕುಚ್ಚು ಕಂಡವು. ತೂಕ 300 ಗ್ರಾಂ ಆಸುಪಾಸು, ಅಷ್ಟೇ. ಕಾಲಿನ ಹೆಬ್ಬೆರಳು ಬಿಟ್ಟರೆ ಉಳಿದ ಬೆರಳಿಗೆಲ್ಲ ಮೊನಚಾದ ಪಂಜದುಗುರು. ಅದನ್ನು ಊರಿ ಕಾಂಡಕ್ಕೆ ನೆಟ್ಟಗೆ ಅಂಟಿಕೊಂಡು, ಕೆಳಗಿನ ಮುಂಬಲ್ಲಿನಿಂದ ತೊಗಟೆ ಕೊರೆದು ಅಂಟು ನೆಕ್ಕುತ್ತಿತ್ತು. ಆ ಮರದ ತುಂಬಾ ಅಂಥವೇ ತೂತುಗಳು.

ಬೆನ್ನು ತಿರುಗಿಸಿ, ಬಾಲ ಎತ್ತಿ ಹಿಂಭಾಗ ತೋರಿಸಿದರೆ ಅದು ಬೆದರಿಕೆ. ಫೋಟೋಗೆ ಪೋಸ್ ಅಂದುಕೊಳ್ಳಬೇಡಿ!

ಉತ್ತರ 2: ಊರೊಳಗೆ ಸಿಗೋದು ಬಹುತೇಕ ಮಾರ್ಮೊಸೆಟ್ಟೇ. ಬಿಳಿ ಕುಚ್ಚಿನದು ಈಶಾನ್ಯ ಬ್ರೆಜಿಲ್‌ನದು, ಕಪ್ಪು ಕುಚ್ಚಿನದು ಒಳನಾಡಿನದು. ಎರಡನ್ನೂ ಜನರೇ ತಂದು ಬಿಟ್ಟಿದ್ದು, ಈಗ ಬೆರೆತುಹೋಗಿವೆ. ಯಾವುದು ಯಾವುದು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಟ್ಯಾಮರಿನ್‌ಗೆ ತೊಗಟೆ ಕೊರೆಯೋ ಹಲ್ಲಿಲ್ಲ, ಅದು ಹಣ್ಣು, ಹುಳ ಹುಡುಕುತ್ತದೆ.

ನಿಜವಾಗಿ ಆ ಸೀಮೆಯದು ಬಂಗಾರದ ಸಿಂಹ ಟ್ಯಾಮರಿನ್. ಅಲ್ಲಿಯ 20 ರಿಯಾಲ್ ನೋಟಿನ ಮೇಲೂ ಅದೇ ಇದೆ. ಮುಖದ ಸುತ್ತ ಕೇಸರ, ಕೆಂಬಣ್ಣದ ಹೊಳಪು, ಉದ್ದುದ್ದ ಬೆರಳು. ಮರದ ಮೇಲೆ ಬೆಳೆಯುವ ಬ್ರೊಮೀಲಿಯಾಡ್ ಗಿಡಗಳ ಸಂದಿಗೆ ಆ ಬೆರಳು ತೂರಿಸಿ ಹುಳ ತೆಗೆಯುತ್ತದೆ. ಇದನ್ನು ನೋಡಬೇಕಂದ್ರೆ ಸಿಲ್ವಾ ಜಾರ್ಡಿಂ ಕಡೆಯ ಕಾಡಿಗೆ ಹೋಗಬೇಕು, ಗೈಡ್ ಮೊದಲೇ ಬುಕ್ ಮಾಡಿ. ಆ ದಾರಿಯಲ್ಲೇ ಹೆದ್ದಾರಿ ಮೇಲೆ ಕೋತಿ ದಾಟಲೆಂದು ಗಿಡ ನೆಟ್ಟ ಸೇತುವೆ ಕಾಣುತ್ತದೆ. ಒಂದು ದಿನ ಖರ್ಚಾದರೂ ನನ್ನ ಪ್ರಕಾರ ಇದೇ ವಾಸಿ.

ಬೆನ್ನ ಮೇಲೆ ಮರಿ ಇದ್ದರೆ ಅಮ್ಮ ಅಂತ ಮಗಳಿಗೆ ಹೇಳಿಬಿಡಬೇಡಿ. ಈ ಜಾತಿಗಳಲ್ಲಿ ಅವಳಿ ಮರಿಗಳೇ ಜಾಸ್ತಿ. ಹೊರೋದು ಅಪ್ಪನೋ ಅಣ್ಣನೋ ಆಗಿರಬಹುದು.

ಉತ್ತರ 3: ಹಳದಿ ಜ್ವರದ ಲಸಿಕೆ ಆಯ್ತಾ? 2017-18ರಲ್ಲಿ ಆ ಜ್ವರ ಬಂದಾಗ ಸಿಂಹ ಟ್ಯಾಮರಿನ್‌ಗಳು ಸಾಲುಸಾಲಾಗಿ ಸತ್ತವು. ಹರಡೋದು ಸೊಳ್ಳೆ, ಪಾಪ ಕೋತಿಯಲ್ಲ. ಬ್ರೆಜಿಲ್‌ನಿಂದ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲಿ ಲಸಿಕೆ ಕಾರ್ಡ್ ಕೇಳುತ್ತಾರೆ. ಹೊರಡೋಕೆ 10 ದಿನ ಮುಂಚೆಯಾದರೂ ಹಾಕಿಸಿಕೊಂಡಿರಬೇಕು.