ಹೃದಯಾಘಾತದ ನಂತರದ ಖಿನ್ನತೆ: ದೇಹದೊಳಗೆ ನಡೆಯುವುದೇನು?

ಪ್ರಶ್ನೆ (ಹಾಸನದ ಸದಸ್ಯರೊಬ್ಬರಿಂದ): ಡಾಕ್ಟರೇ, ನಮಸ್ಕಾರ. ನನ್ನ ತಂದೆಯವರಿಗೆ 64 ವರ್ಷ. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಮೂರು ತಿಂಗಳ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿದೆವು. ಎಕೋ ವರದಿ ಚೆನ್ನಾಗಿದೆ, ಹೃದಯದ ಬಗ್ಗೆ ಚಿಂತೆ ಬೇಡ ಎಂದು ಹೃದ್ರೋಗ ತಜ್ಞರು ಹೇಳಿದ್ದಾರೆ. ಆದರೆ ಅವರು ಯಾರೊಂದಿಗೂ ಮಾತನಾಡುವುದಿಲ್ಲ, ಬೆಳಗಿನ ಜಾವ ಮೂರು ಗಂಟೆಗೇ ಎದ್ದು ಕೂರುತ್ತಾರೆ, ವಾಕಿಂಗ್ ಬಿಟ್ಟಿದ್ದಾರೆ. ಊಟ ಅರ್ಧಕ್ಕೆ ಇಳಿದಿದ್ದರೂ ಸಕ್ಕರೆ ಮಾತ್ರ ಏರುತ್ತಿದೆ. ಮನೋವೈದ್ಯರು ಖಿನ್ನತೆ ಎಂದು ಹೇಳಿ ಸರ್ಟ್ರಾಲಿನ್ ಬರೆದುಕೊಟ್ಟಿದ್ದಾರೆ. ಇದು ಮನಸ್ಸಿನ ದೌರ್ಬಲ್ಯವಷ್ಟೇ, ಧೈರ್ಯ ತಂದುಕೊಂಡರೆ ಸಾಕು, ಹೃದಯದ ಮಾತ್ರೆಗಳ ಜೊತೆ ಇನ್ನೊಂದು ಮಾತ್ರೆ ಅಪಾಯ ಎಂಬುದು ನಮ್ಮ ದೊಡ್ಡಪ್ಪನವರ ವಾದ. ಮಾತ್ರೆಯನ್ನು ಇನ್ನೂ ಶುರು ಮಾಡಿಲ್ಲ. ಏನು ಮಾಡಲಿ?

ಉತ್ತರ (ಮನೋವೈದ್ಯರು): ಮಾತ್ರೆಯ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ನೀವು ನಿರ್ಧರಿಸಬೇಕಾಗಿರುವುದು ಅದನ್ನು. ಹೃದಯಾಘಾತವಾದವರಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಪಟ್ಟಿರುವ ಖಿನ್ನತೆಯ ಔಷಧಿಗಳಲ್ಲಿ ಸರ್ಟ್ರಾಲಿನ್ ಒಂದು. 2002ರಲ್ಲಿ ಪ್ರಕಟವಾದ ಸ್ಯಾಡ್‌ಹಾರ್ಟ್ ಎಂಬ ಅಧ್ಯಯನದಲ್ಲಿ, ಹೃದಯಾಘಾತ ಅಥವಾ ತೀವ್ರ ಎದೆನೋವಿನಿಂದ ಆಸ್ಪತ್ರೆ ಸೇರಿದ್ದ 369 ಮಂದಿ ಖಿನ್ನತೆಯ ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಇದನ್ನು ಕೊಟ್ಟು ನೋಡಿದಾಗ, ಹೃದಯದ ಪಂಪಿಂಗ್ ಶಕ್ತಿ ಕುಗ್ಗಿದ್ದು ಕಂಡುಬರಲಿಲ್ಲ. ಹೃದಯಾಘಾತದ ನಂತರ ನಾವು ದೂರವಿಡುವುದು ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಮುಂತಾದ ಹಳೆಯ ಔಷಧಿಗಳನ್ನು. ಅವು ಹೃದಯದ ಬಡಿತದ ಲಯವನ್ನು ಕೆಡಿಸಬಲ್ಲವು. ನಿಮ್ಮ ದೊಡ್ಡಪ್ಪನವರ ಆತಂಕಕ್ಕೆ ಕಾರಣ ಇಲ್ಲದಿಲ್ಲ, ಆದರೆ ಅದು ಹೃದಯಕ್ಕಲ್ಲ, ರಕ್ತಸ್ರಾವಕ್ಕೆ ಸಂಬಂಧಿಸಿದ್ದು. ಸ್ಟೆಂಟ್ ಹಾಕಿಸಿದವರು ಸಾಮಾನ್ಯವಾಗಿ ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್ ಅಥವಾ ಅಂಥದ್ದೇ ಇನ್ನೊಂದು ಮಾತ್ರೆಯನ್ನು ತೆಗೆದುಕೊಳ್ಳುತ್ತಿರುತ್ತಾರೆ. ಸರ್ಟ್ರಾಲಿನ್ ಸೇರಿದಾಗ ಜಠರದಲ್ಲಿ ರಕ್ತ ಒಸರುವ ಸಂಭವ ಸ್ವಲ್ಪ ಹೆಚ್ಚುತ್ತದೆ. ಜಠರವನ್ನು ಕಾಪಾಡುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಈಗಾಗಲೇ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇಲ್ಲದಿದ್ದರೆ ವೈದ್ಯರನ್ನು ಕೇಳಿ. ಮಲ ಟಾರಿನಂತೆ ಕಪ್ಪಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ರಕ್ತಸ್ರಾವದ ಸಂಭವ ಎಲ್ಲಿಂದ ಬಂತೆಂದು ನೋಡಿದರೆ ಮನಸ್ಸು ಮತ್ತು ಹೃದಯದ ನಂಟಿನ ಒಂದು ಎಳೆ ಅಲ್ಲಿಯೇ ಸಿಗುತ್ತದೆ. ಸಿರೊಟೋನಿನ್ ಎಂದರೆ ಮೆದುಳಿನ ರಾಸಾಯನಿಕವೆಂದೇ ಹಲವರು ತಿಳಿದಿದ್ದಾರೆ. ದೇಹದ ಸಿರೊಟೋನಿನ್‌ನ ಬಹುಪಾಲು ಕರುಳಿನಲ್ಲಿ ತಯಾರಾಗುತ್ತದೆ, ಮತ್ತು ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಅದನ್ನು ಹೀರಿ ಶೇಖರಿಸಿಟ್ಟುಕೊಳ್ಳುತ್ತವೆ. ಗಾಯವಾದಾಗ ಪ್ಲೇಟ್‌ಲೆಟ್‌ಗಳು ಆ ಸಿರೊಟೋನಿನ್ ಅನ್ನು ಹೊರಚೆಲ್ಲಿ ಒಂದಕ್ಕೊಂದು ಅಂಟಿಕೊಳ್ಳಲು ಬಳಸಿಕೊಳ್ಳುತ್ತವೆ. ಖಿನ್ನತೆಯಲ್ಲಿರುವ ಹಲವು ಹೃದ್ರೋಗಿಗಳಲ್ಲಿ ಈ ಕಣಗಳು ಅಗತ್ಯಕ್ಕಿಂತ ಬೇಗ ಕೆರಳುತ್ತವೆ ಎಂಬುದು ಕಂಡುಬಂದಿದೆ. ಕಿರಿದಾದ ರಕ್ತನಾಳವಿರುವವರಿಗೆ ಇದು ಒಳ್ಳೆಯ ಸುದ್ದಿಯಲ್ಲ. ಸರ್ಟ್ರಾಲಿನ್ ಪ್ಲೇಟ್‌ಲೆಟ್‌ಗಳು ಸಿರೊಟೋನಿನ್ ಹೀರುವುದನ್ನು ತಡೆಯುವುದರಿಂದ ಅವುಗಳ ಅಂಟು ಕಡಿಮೆಯಾಗುತ್ತದೆ.

ಎರಡನೆಯ ಎಳೆ ಕಾರ್ಟಿಸಾಲ್ ಹಾರ್ಮೋನಿನದು. ಮೆದುಳಿನ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಸೂಚನೆ ಕಳುಹಿಸಿದಾಗ ಕಾರ್ಟಿಸಾಲ್ ರಕ್ತಕ್ಕೆ ಬರುತ್ತದೆ. ಆರೋಗ್ಯವಂತರಲ್ಲಿ ಇದು ಬೆಳಗ್ಗೆ ಏರಿ ರಾತ್ರಿಯ ಹೊತ್ತಿಗೆ ಇಳಿಯುತ್ತದೆ. ತೀವ್ರ ಖಿನ್ನತೆಯಲ್ಲಿರುವ ಕೆಲವರಲ್ಲಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಯಕೃತ್ತಿನಿಂದ ಗ್ಲೂಕೋಸ್ ಹೊರಡಿಸುವುದು ಮತ್ತು ಇನ್ಸುಲಿನ್‌ನ ಪ್ರಭಾವವನ್ನು ಕುಗ್ಗಿಸುವುದು ಈ ಹಾರ್ಮೋನಿನ ಕೆಲಸವಾದ್ದರಿಂದ, ಅರ್ಧ ಊಟ ಮಾಡುವ ತಂದೆಯವರ ಸಕ್ಕರೆ ಏರುವುದರಲ್ಲಿ ಇದರ ಪಾಲು ಇರಬಹುದು. ಆದರೂ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವ ಮೊದಲು, ಅವರು ಮಾತ್ರೆಗಳನ್ನು ನಿಜವಾಗಿಯೂ ನುಂಗುತ್ತಿದ್ದಾರೆಯೇ ಎಂದು ಎಣಿಸಿ ನೋಡಿ. ಖಿನ್ನತೆಯಲ್ಲಿರುವವರು ಮಾತ್ರೆ ತಪ್ಪಿಸುವುದು ಬಹಳ ಸಾಮಾನ್ಯ, ವಾಕಿಂಗ್ ನಿಂತಿರುವುದಂತೂ ನೀವೇ ಹೇಳಿದ್ದೀರಿ.

ಮೂರನೆಯದು ಉರಿಯೂತ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರೋಗನಿರೋಧಕ ಕಣಗಳು ಸೈಟೋಕೈನ್ ಎಂಬ ರಾಸಾಯನಿಕ ಸಂದೇಶಗಳನ್ನು ಬಿಡುಗಡೆ ಮಾಡುತ್ತವೆ. ಅವು ರಕ್ತದ ಮೂಲಕವೂ, ಮೆದುಳನ್ನು ಹೃದಯ ಮತ್ತು ಕರುಳಿಗೆ ಜೋಡಿಸುವ ವೇಗಸ್ ನರದ ಮೂಲಕವೂ ಮೆದುಳನ್ನು ತಲುಪಿ, ಹಸಿವನ್ನು ಕುಂದಿಸಿ, ಯಾರೂ ಬೇಡ ಎನ್ನುವ ಮನಃಸ್ಥಿತಿಯನ್ನು ಹುಟ್ಟಿಸುತ್ತವೆ. ಜ್ವರ ಬಂದಾಗ ನಮಗೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಬೇಕೆನಿಸುವುದು ಇದರಿಂದಲೇ. ಇದಕ್ಕೆ ನೇರವಾದ ಪುರಾವೆ ಸಿಕ್ಕಿದ್ದು ಯಕೃತ್ತಿನ ರೋಗಿಗಳಿಂದ: ಹೆಪಟೈಟಿಸ್ ಸಿ ಸೋಂಕಿಗೆ ಹಿಂದೆ ಇಂಟರ್‌ಫೆರಾನ್ ಎಂಬ ಸೈಟೋಕೈನ್ ಅನ್ನೇ ಚುಚ್ಚುಮದ್ದಾಗಿ ಕೊಡುತ್ತಿದ್ದಾಗ, ಮೊದಲು ಖಿನ್ನತೆಯ ಲಕ್ಷಣವೇ ಇಲ್ಲದಿದ್ದವರಲ್ಲಿಯೂ ಅನೇಕರು ವಾರಗಳೊಳಗೆ ಖಿನ್ನತೆಗೆ ಜಾರಿದರು. ಹಾಗೆಂದು ಎಲ್ಲ ಖಿನ್ನತೆಯೂ ಉರಿಯೂತವಲ್ಲ. 2013ರಲ್ಲಿ ಇತರ ಔಷಧಿಗಳಿಗೆ ಬಗ್ಗದ ಖಿನ್ನತೆಯ 60 ರೋಗಿಗಳಿಗೆ ಉರಿಯೂತ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅನ್ನು ಹುಸಿಮದ್ದಿನೊಂದಿಗೆ (ಔಷಧಿಯಂತೆ ಕಾಣುವ, ಆದರೆ ಔಷಧಿಯಿಲ್ಲದ ಮದ್ದು) ಹೋಲಿಸಿ ನೋಡಿದಾಗ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ರಕ್ತದಲ್ಲಿ ಉರಿಯೂತದ ಗುರುತು ಹೆಚ್ಚಿದ್ದವರಲ್ಲಿ ಮಾತ್ರ ಪ್ರಯೋಜನದ ಸುಳಿವು ಸಿಕ್ಕಿತು.

ಕೆನಡಾದ ಮಾಂಟ್ರಿಯಲ್‌ನಲ್ಲಿ ಹೃದಯಾಘಾತವಾದ 222 ಮಂದಿಯನ್ನು ಗಮನಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನವು, ಖಿನ್ನತೆಯಿದ್ದವರಲ್ಲಿ ಮೊದಲ ಆರು ತಿಂಗಳೊಳಗಿನ ಸಾವಿನ ಅಪಾಯ ಉಳಿದವರಿಗಿಂತ ಹಲವು ಪಟ್ಟು ಹೆಚ್ಚಿತ್ತೆಂದು ತೋರಿಸಿತು. ಆದ್ದರಿಂದ ಧೈರ್ಯ ಹೇಳಿ ಕಾಯುವುದು ಸರಿಯಲ್ಲ. ಬದುಕಿ ಏನಾಗಬೇಕು ಎಂಬಂಥ ಮಾತು ಅವರ ಬಾಯಲ್ಲಿ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯೆ): ಸರ್, ನಂಟು ಇಷ್ಟು ಗಟ್ಟಿಯಾಗಿದ್ದರೆ, ಖಿನ್ನತೆ ವಾಸಿಯಾದವರಿಗೆ ಮತ್ತೆ ಹೃದಯಾಘಾತವಾಗುವುದಿಲ್ಲವೇ? ಪ್ರಾಣಾಯಾಮದಿಂದ ಮನಸ್ಸು ಹತೋಟಿಗೆ ಬಂದರೆ ಬಿಪಿ, ಶುಗರ್ ಮಾತ್ರೆ ಬಿಡಬಹುದೇ?

ಉತ್ತರ: ಬಿಡಬಾರದು, ಅಮ್ಮಾ. ನಿಧಾನವಾದ ಉಸಿರಾಟವು ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಗ್ಗಿಸುತ್ತದೆ, ರಕ್ತದೊತ್ತಡವನ್ನೂ ಸ್ವಲ್ಪ ಇಳಿಸುತ್ತದೆ. ಅದನ್ನು ಮಾತ್ರೆಯ ಜೊತೆಗೆ ಮಾಡಿ. ಮೊದಲ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. 2003ರ ಎನ್‌ರಿಚ್ಡ್ ಅಧ್ಯಯನದಲ್ಲಿ 2,481 ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನರಿಗೆ ಮನಶ್ಚಿಕಿತ್ಸೆ ಕೊಟ್ಟಾಗ ಖಿನ್ನತೆ ತಗ್ಗಿತು, ಆದರೆ ಸಾವು ಅಥವಾ ಎರಡನೆಯ ಹೃದಯಾಘಾತ ಕಡಿಮೆಯಾಗಲಿಲ್ಲ. 2018ರಲ್ಲಿ ದಕ್ಷಿಣ ಕೊರಿಯಾದಿಂದ ಬಂದ 300 ರೋಗಿಗಳ ಅಧ್ಯಯನ ಬೇರೆ ಮಾತು ಹೇಳಿತು: ಎಸಿಟಾಲೊಪ್ರಾಮ್ ಎಂಬ ಖಿನ್ನತೆಯ ಔಷಧಿ ಪಡೆದವರಲ್ಲಿ ಮುಂದಿನ ಎಂಟು ವರ್ಷಗಳ ಸುಮಾರಿಗೆ ಹೃದಯದ ಗಂಭೀರ ತೊಂದರೆಗಳು ಶೇ. 40.9, ಹುಸಿಮದ್ದು ಪಡೆದವರಲ್ಲಿ ಶೇ. 53.6. ಇವೆರಡನ್ನೂ ಎದುರಿಗಿಟ್ಟುಕೊಂಡು ಹೃದಯವನ್ನು ಉಳಿಸುತ್ತೇನೆಂದು ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಖಿನ್ನತೆ ತಾನಾಗಿಯೇ ಚಿಕಿತ್ಸೆಗೆ ಅರ್ಹವಾದ ಕಾಯಿಲೆ ಎನ್ನುತ್ತೇನೆ. ನನಗೆ ಹೆಚ್ಚು ಭರವಸೆ ಕೊಟ್ಟಿರುವುದು ನಮ್ಮ ದೇಶದ ನಾಲ್ಕು ಚಿಕಿತ್ಸಾಲಯಗಳಲ್ಲಿ ಸಕ್ಕರೆ ಕಾಯಿಲೆ ಮತ್ತು ಖಿನ್ನತೆ ಎರಡೂ ಇದ್ದ 404 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಇಂಡಿಪೆಂಡೆಂಟ್ ಅಧ್ಯಯನ. ಎರಡು ಕಾಯಿಲೆಗಳನ್ನೂ ಒಂದೇ ತಂಡ ಒಟ್ಟಿಗೆ ನೋಡಿಕೊಂಡಾಗ, ಎರಡು ವರ್ಷಗಳ ನಂತರ ಖಿನ್ನತೆಯ ಜೊತೆಗೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್‌ಗಳಲ್ಲಿ ಕನಿಷ್ಠ ಒಂದಾದರೂ ಸುಧಾರಿಸಿದವರ ಪ್ರಮಾಣ ಹೆಚ್ಚಿತ್ತು.

ಪ್ರಶ್ನೆ (ಮೊದಲು ಕೇಳಿದವರು): ಧನ್ಯವಾದಗಳು ಡಾಕ್ಟರೇ. ಇವತ್ತಿನಿಂದಲೇ ಮಾತ್ರೆ ಕೊಡುತ್ತೇನೆ. ತಂದೆಯವರು ತೆಗೆದುಕೊಳ್ಳುವ ಹೃದಯದ ಮಾತ್ರೆ ಮೆಟೊಪ್ರೊಲಾಲ್‌ನಿಂದಲೇ ಖಿನ್ನತೆ ಬರುತ್ತದೆಂದು ಓದಿದ್ದೆ, ಅದನ್ನು ನಿಲ್ಲಿಸಬೇಕೇ? ರಕ್ತಪರೀಕ್ಷೆ ಏನಾದರೂ ಬೇಕೇ?

ಉತ್ತರ: ಮೆಟೊಪ್ರೊಲಾಲ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಹಠಾತ್ತನೆ ಬಿಟ್ಟರೆ ಹೃದಯಕ್ಕೆ ತೊಂದರೆ. ಆ ಹಳೆಯ ಅನುಮಾನವನ್ನು ಹುಸಿಮದ್ದಿನೊಂದಿಗೆ ಹೋಲಿಸಿದ ಪ್ರಯೋಗಗಳು ಎತ್ತಿಹಿಡಿದಿಲ್ಲ. ಕೆಲವರಿಗೆ ನಿದ್ದೆ ಕೆಡುವುದು, ವಿಚಿತ್ರ ಕನಸು ಬೀಳುವುದು ಉಂಟು. ಪರೀಕ್ಷೆಗಳು ಬೇಕು. ಮೆಟ್‌ಫಾರ್ಮಿನ್ ದೀರ್ಘಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಹೀರಿಕೊಳ್ಳುವುದು ಕುಂಠಿತವಾಗುತ್ತದೆ, ಸಸ್ಯಾಹಾರಿಗಳಾಗಿದ್ದರೆ ಕೊರತೆ ಇನ್ನೂ ಬೇಗ ಬರುತ್ತದೆ; ಈ ಕೊರತೆಯೂ, ಥೈರಾಯ್ಡ್ ಮಂದವಾಗುವುದೂ ಖಿನ್ನತೆಯಂತೆಯೇ ಕಾಣಿಸಿಕೊಳ್ಳುತ್ತವೆ. ಹಾಗಾಗಿ ಬಿ12, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್ ಮಾಡಿಸಿ. ಜೊತೆಗೆ ಸೋಡಿಯಂ ಕೂಡ: ವಯಸ್ಸಾದವರಲ್ಲಿ, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಸರ್ಟ್ರಾಲಿನ್ ಶುರುವಾದ ಮೊದಲ ವಾರಗಳಲ್ಲಿ ಸೋಡಿಯಂ ಇಳಿಯಬಹುದು. ಈಗೊಮ್ಮೆ, ಎರಡು ವಾರಗಳ ನಂತರ ಇನ್ನೊಮ್ಮೆ ಪರೀಕ್ಷಿಸಿ; ಮಂಕು, ಗೊಂದಲ, ಓಲಾಟ ಕಂಡರೆ ಕಾಯದೆ ಅಂದೇ ಮಾಡಿಸಿ. ಮಾತ್ರೆಯ ಪರಿಣಾಮ ತಿಳಿಯಲು ನಾಲ್ಕರಿಂದ ಆರು ವಾರ ಬೇಕು. ಹೃದ್ರೋಗ ತಜ್ಞರಿಗೂ ಮನೋವೈದ್ಯರಿಗೂ ಪರಸ್ಪರರ ಚೀಟಿಗಳನ್ನು ತೋರಿಸಿ, ಏಕೆಂದರೆ ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡಿರುತ್ತಾರೆಂದು ನಂಬುವಂತಿಲ್ಲ.