ಗಂಡನಿಗೆ ಸ್ಟುಟ್‌ಗಾರ್ಟ್ ಕೆಲಸ, ನನಗೆ ಬೆಂಗಳೂರಿನ ಹೆರಿಗೆ ರಜೆ: ಹೆರಿಗೆ ಎಲ್ಲಿ ಇಟ್ಕೊಳ್ಳೋದು?

ಬಸವನಗುಡಿ_ಮಗಳು:
ನಮ್ಮೆಜಮಾನ್ರು ಮಾರ್ಚ್‌ನಲ್ಲಿ ಬ್ಲೂ ಕಾರ್ಡ್ (ಓದಿದ ಕೆಲಸಗಾರರಿಗೆ ಯೂರೋಪಿನ ಪರವಾನಗಿ) ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಹೋಗ್ತಿದ್ದಾರೆ. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ 4 ವರ್ಷದಿಂದ ಇದ್ದೀನಿ. ಮೊದಲ ಮಗುವಿಗೆ ಪ್ಲಾನ್ ಮಾಡ್ತಿದ್ದೀವಿ. ಇಲ್ಲೇ ಹೆರಿಗೆ ಮುಗಿಸಿ ರಜೆ ಸಂಬಳ ತಗೊಂಡು ಹೋಗೋದಾ, ಬಸುರಿಯಾಗಿದ್ದಾಗಲೇ ಹೋಗೋದಾ, ಇಲ್ಲಾ ಅಲ್ಲಿ ಕೆಲಸ ಸಿಕ್ಕ ಮೇಲೆ ನೋಡೋದಾ? ಬಾಣಂತನಕ್ಕೆ ಅಮ್ಮ ಅಲ್ಲಿಗೂ ಬರ್ತೀನಿ ಅಂತಿದ್ದಾರೆ.

ಲೆಕ್ಕದ_ಪುಸ್ತಕ:
ಮೊದಲು ಒಂದು ವಿಷಯ ಗಟ್ಟಿ ಮಾಡ್ಕೊಳ್ಳಿ: ಹೆರಿಗೆಗೆ ಹಿಂದಿನ 12 ತಿಂಗಳು ಯಾವ ದೇಶದಲ್ಲಿ ದುಡಿದಿರಿ ಅನ್ನೋದೇ ಎರಡೂ ಕಡೆ ಅಳತೆಗೋಲು.

ಭಾರತದಲ್ಲಿ ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ಮೊದಲ ಎರಡು ಮಕ್ಕಳಿಗೆ 26 ವಾರ ಪೂರ್ತಿ ಸಂಬಳ. ಅದರಲ್ಲಿ ಹೆರಿಗೆಗೆ ಮುಂಚೆ ತಗೊಳ್ಳಬಹುದಾದ್ದು 8 ವಾರ ಮಾತ್ರ.

ಜರ್ಮನಿಯಲ್ಲಿ ಎಲ್ಟರ್‌ಗೆಲ್ಡ್ ಅಂತ ಪೋಷಕರ ಭತ್ಯೆ ಇದೆ: ಹಿಂದಿನ ನಿವ್ವಳ ಸಂಬಳದ ಸುಮಾರು 65%, ಕನಿಷ್ಠ 300, ಗರಿಷ್ಠ 1,800 ಯೂರೋ. ಬೆಂಗಳೂರಿನ ಸಂಬಳ ಇದಕ್ಕೆ ಲೆಕ್ಕಕ್ಕೇ ಬರಲ್ಲ. ಅಲ್ಲಿ ಕೆಲಸಕ್ಕೆ ಸೇರಿ ಆರೇ ತಿಂಗಳು ನಿವ್ವಳ 2,400 ಬಂದಿದ್ದರೆ, ಉಳಿದ ಆರು ತಿಂಗಳು ಸೊನ್ನೆ ಸೇರಿ ಸರಾಸರಿ 1,200. ಕೈಗೆ ಸಿಗೋದು ಸುಮಾರು 800. ಯಜಮಾನರಿಗೂ ಇದೇ ಸೂತ್ರ: ಮಾರ್ಚ್‌ನಲ್ಲಿ ಸೇರಿ ಮಗು ಡಿಸೆಂಬರ್‌ನಲ್ಲಿ ಹುಟ್ಟಿದರೆ ಅವರ ಲೆಕ್ಕದಲ್ಲಿ 9 ತಿಂಗಳ ಸಂಬಳ ಮಾತ್ರ.

ಹಾಗಾಗಿ ನಿಮ್ಮ ಮೂರನೇ ದಾರಿ ಲಾಭ ಆಗಬೇಕಾದರೆ ಅಲ್ಲಿ ವರ್ಷ ಪೂರ್ತಿ ದುಡಿದಿರಬೇಕು. ಪ್ರೊಬೇಷನ್‌ನಲ್ಲಿ ಬಸುರಿಯಾದರೂ ಸಾಮಾನ್ಯವಾಗಿ ಕೆಲಸದಿಂದ ತೆಗೆಯೋ ಹಾಗಿಲ್ಲ, ಹೆರಿಗೆಯಾಗಿ ನಾಲ್ಕು ತಿಂಗಳವರೆಗೆ ರಕ್ಷಣೆ ಇದೆ. ಆದರೆ ಕಾಂಟ್ರಾಕ್ಟ್‌ಗೆ ಕೊನೆ ದಿನಾಂಕ ಬರೆದಿದ್ದರೆ ಅವತ್ತಿಗೆ ಅದು ಮುಗಿದೇ ಹೋಗುತ್ತೆ.

ಎರಡನೇ ದಾರಿಯಲ್ಲಿ ಎಡವೋ ಜಾಗ ಬೇರೆ. ವಿಮಾನಕ್ಕೆ ಹಿತವಾದ ಕಾಲ 14ರಿಂದ 27ನೇ ವಾರ, ರಜೆ ಶುರುವಾಗೋದು 32ನೇ ವಾರಕ್ಕೆ. 24ಕ್ಕೆ ಹೊರಟರೆ ನಡುವಿನ 8 ವಾರ ಏನು? ಕೂಡಿಟ್ಟ ರಜೆ, ಇಲ್ಲವೇ ಸಂಬಳವಿಲ್ಲದ ರಜೆ. ಎಚ್‌ಆರ್ ಒಪ್ಪಿಗೆ ಇಮೇಲ್‌ನಲ್ಲೇ ಇರಲಿ.

ಹೆಬಾಮೆ_ಹುಡುಕಿ:
ದುಡ್ಡಿಗಿಂತ ಮೊದಲು ಇನ್ಶೂರೆನ್ಸ್ ನೋಡಿ. ಯಜಮಾನರು ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆ ಸಂಸ್ಥೆ ಕ್ರಾಂಕೆನ್‌ಕಾಸೆಗೇ (ಕಾಸೆ) ಸೇರಲಿ. ಸಂಬಳ ಜಾಸ್ತಿ ಇದ್ದವರನ್ನ ಏಜೆಂಟರು ಖಾಸಗಿ ಪಾಲಿಸಿಗೆ ಎಳೀತಾರೆ. ಅಲ್ಲಿ ಹೆಂಡತಿಗೆ ಬೇರೆ ಪಾಲಿಸಿ ಬೇಕು, ಹೆರಿಗೆಗೆ ಸಾಮಾನ್ಯವಾಗಿ 8 ತಿಂಗಳು ಕಾಯಬೇಕು. ಕಾಸೆಯಲ್ಲಾದರೆ ಆದಾಯವಿಲ್ಲದ ಹೆಂಡತಿ ಕಂತಿಲ್ಲದೆ ಗಂಡನ ಹೆಸರಿನಡಿ ಸೇರ್ತಾಳೆ, ಚೆಕಪ್ಪು, ಹೆರಿಗೆ ಎಲ್ಲ ಅದರೊಳಗೇ.

"ಆದಾಯವಿಲ್ಲದ" ಅನ್ನೋ ಮಾತಲ್ಲೇ ಗಂಟು ಇದೆ. 2026ರ ಮಿತಿ ತಿಂಗಳಿಗೆ 565 ಯೂರೋ. ಬೆಂಗಳೂರಿನ ರಜೆ ಸಂಬಳ ಬರ್ತಾ ಇದ್ದರೆ ಅದನ್ನ ಸುಲಭವಾಗಿ ದಾಟುತ್ತೆ, ವಿದೇಶದ ಆದಾಯವೂ ಲೆಕ್ಕಕ್ಕೆ ಬರುತ್ತೆ. ಕಾಸೆಯಿಂದ ಬರಹದಲ್ಲಿ ಉತ್ತರ ತಗೊಂಡು ಆಮೇಲೆ ಟಿಕೆಟ್ ಮಾಡಿ. ವೀಸಾಕ್ಕೆ ಅಂತ ಮಾಡಿಸೋ ಪ್ರಯಾಣದ ಪಾಲಿಸಿ ಹೆರಿಗೆ ಖರ್ಚು ಕೊಡುತ್ತೆ ಅಂತ ನಂಬಬೇಡಿ.

ನಡುವೆ ಹೋಗೋದಾದರೆ 18–20 ವಾರದ ಅನಾಮಲಿ ಸ್ಕ್ಯಾನ್ (ಮಗುವಿನ ಅಂಗಾಂಗ ನೋಡೋದು) ಇಲ್ಲೇ ಮುಗಿಸಿ, ರಕ್ತದ ಗುಂಪಿನ ರಿಪೋರ್ಟ್ ಸಮೇತ ಎಲ್ಲವನ್ನೂ ಕೈಚೀಲದಲ್ಲಿ ಇಟ್ಕೊಳ್ಳಿ. 28 ವಾರ ದಾಟಿದರೆ ಬಹಳಷ್ಟು ಏರ್‌ಲೈನ್ ಡಾಕ್ಟರ ಪತ್ರ ಕೇಳ್ತಾವೆ, 36ರ ನಂತರ ಹತ್ತಿಸಿಕೊಳ್ಳೋದು ಕಷ್ಟ. ಇಳಿದ ವಾರವೇ ಹೆಬಾಮೆ, ಅಂದರೆ ಸೂಲಗಿತ್ತಿಗೆ ಫೋನ್ ಶುರು ಮಾಡಿ. ಹೆರಿಗೆಯಾದ ಮೇಲೆ ಮನೆಗೇ ಬಂದು ನೋಡ್ತಾರೆ, ಆದರೆ ತಡ ಮಾಡಿದರೆ ಯಾರೂ ಸಿಗಲ್ಲ. ಇಲ್ಲಿನ ಹಾಗೆ ಹೋದಾಗಲೆಲ್ಲ ಸ್ಕ್ಯಾನ್ ಇರಲ್ಲ, ತೊಂದರೆ ಇಲ್ಲದ ಬಸಿರಿಗೆ ಒಟ್ಟು ಮೂರೇ. ಗಾಬರಿ ಬೇಡ.

ಅಮ್ಮನಿಗೆ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಮಾತ್ರ. ದಿನ ತುಂಬೋಕೆ ಎರಡು ವಾರ ಮುಂಚೆ ಬಂದರೆ ಹೆರಿಗೆ ನಂತರ ಸುಮಾರು ಹನ್ನೊಂದು ವಾರ ಸಿಗುತ್ತೆ. ತುಪ್ಪದ ಡಬ್ಬಿ ಕಟ್ಕೊಂಡು ಬರೋದು ಬೇಡ ಅನ್ನಿ: ಹಾಲಿನ ಪದಾರ್ಥ ಯೂರೋಪಿನೊಳಗೆ ತರೋ ಹಾಗಿಲ್ಲ. ಬುಟರ್‌ಶ್ಮಾಲ್ಟ್ಸ್ ಅಂತ ಅಂಗಡಿಯಲ್ಲೇ ಸಿಗುತ್ತೆ, ತುಪ್ಪವೇ.

ಇನಿಶಿಯಲ್_ಸಮಸ್ಯೆ:
ಕಾಗದಪತ್ರದ ಮಾತು ಯಾರೂ ಎತ್ತಲಿಲ್ಲ. ನಮ್ಮ ಕಡೆಯವರಿಗೆ ದೊಡ್ಡ ತಲೆನೋವು ಇನಿಶಿಯಲ್. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಜನನ ಪತ್ರದಲ್ಲಿ "ಎಸ್.", ಮದುವೆ ಪತ್ರದಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ, ಮಗುವಿನ ಜನನ ನೋಂದಣಿ ಮಾಡೋ ಸ್ಟಾಂಡೆಸಾಮ್ಟ್ ಕಚೇರಿ ಅಲ್ಲೇ ನಿಂತುಬಿಡುತ್ತೆ. ಜನನ ಪತ್ರ ತಡವಾದರೆ ಎಲ್ಟರ್‌ಗೆಲ್ಡೂ ತಡ. ಹೊರಡೋ ಮುಂಚೆ ಇಬ್ಬರ ಪಾಸ್‌ಪೋರ್ಟ್, ಜನನ ಪತ್ರ, ಮದುವೆ ಪತ್ರ ಒಂದೇ ಹೆಸರಿಗೆ ತನ್ನಿ. ಭಾರತದ ಅಪಾಸ್ಟಿಲ್ (ದಾಖಲೆ ಅಸಲಿ ಅನ್ನೋ ಸರ್ಕಾರಿ ಮುದ್ರೆ) ಜರ್ಮನಿಯಲ್ಲಿ ನಡೆಯಲ್ಲ, ದಾಖಲೆ ಪರಿಶೀಲನೆ ಬೇರೆ ಇದೆ, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಎಲ್ಟರ್‌ಗೆಲ್ಡ್ ಅರ್ಜಿ ಮಾತ್ರ ಪತ್ರಕ್ಕೆ ಕಾಯದೆ ಹಾಕಿಬಿಡಿ, ಮೂರು ತಿಂಗಳಿಗಿಂತ ಹಿಂದಿನದ್ದು ಕೊಡಲ್ಲ.

ಅಲ್ಲಿ ಹುಟ್ಟಿದ ಮಾತ್ರಕ್ಕೆ ಜರ್ಮನ್ ಪೌರತ್ವ ಇಲ್ಲ, ತಂದೆ ಅಥವಾ ತಾಯಿ ಅಲ್ಲಿ 5 ವರ್ಷ ಇದ್ದು ಕಾಯಂ ವಾಸದ ಹಕ್ಕು ಪಡೆದಿರಬೇಕು. ನಿಮ್ಮ ಮಗುವಿನ ಜನನವನ್ನ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಿ. ವಾಸದ ಪರವಾನಗಿಗೆ ಆರು ತಿಂಗಳೊಳಗೆ ಅರ್ಜಿ.

ಬೆಂಗಳೂರಲ್ಲೇ ಹೆರಿಗೆಯಾದರೆ 21 ದಿನದೊಳಗೆ ಜನನ ನೋಂದಣಿ. ನಾಮಕರಣಕ್ಕೆ ಮುಹೂರ್ತ ನೋಡ್ತಾ ಕೂತರೆ ಹೆಸರಿಲ್ಲದ ಪತ್ರ ಬರುತ್ತೆ, ಪಾಸ್‌ಪೋರ್ಟ್ ಅಲ್ಲಿಗೇ ನಿಲ್ಲುತ್ತೆ. ಹೆಸರು ಮೊದಲೇ ಗೊತ್ತು ಮಾಡ್ಕೊಳ್ಳಿ, ತೊಟ್ಟಿಲು ಶಾಸ್ತ್ರ ಆಮೇಲೆ ಮಾಡಿ. ಮಗುವಿಗೆ ಬೇರೆ ವೀಸಾ ಬೇಕು, ನಿಮ್ಮದರ ಜೊತೆಗೇ ಹಾಕಿ. ಲಸಿಕೆ ಪುಸ್ತಕ ಜೋಪಾನ: ಇಲ್ಲಿ 6, 10, 14ನೇ ವಾರ, ಅಲ್ಲಿ 2, 4, 11ನೇ ತಿಂಗಳು. ಅಲ್ಲಿನ ಮಕ್ಕಳ ಡಾಕ್ಟರು ಪುಸ್ತಕ ನೋಡಿಯೇ ಮುಂದಿನದ್ದು ಹೊಂದಿಸ್ತಾರೆ.

ಬಸವನಗುಡಿ_ಮಗಳು:
ಹಾಗಾದರೆ ಇಲ್ಲೇ ಹೆರಿಗೆ ಅನ್ನೋ ಕಡೆ ವಾಲ್ತಿದ್ದೀನಿ. ರಜೆ ಮುಗಿದ ಮೇಲೆ ಅಲ್ಲಿಂದಲೇ ಇದೇ ಕಂಪನಿಗೆ ಕೆಲಸ ಮಾಡಬಹುದಾ? ರಜೆ ಮುಗಿಸಿ ಕೆಲಸ ಬಿಟ್ಟರೆ ರಜೆ ಸಂಬಳ ವಾಪಸ್ ಕೇಳ್ತಾರಾ?

ಲೆಕ್ಕದ_ಪುಸ್ತಕ:
ಕೂತು ದುಡಿಯೋ ಜಾಗ ಜರ್ಮನಿ ಆದರೆ ತೆರಿಗೆ, ಸಾಮಾಜಿಕ ವಿಮೆ ಎರಡೂ ಅಲ್ಲಿನದ್ದೇ ಗಂಟು ಬೀಳುತ್ತೆ, ಅದಕ್ಕೇ ಹೆಚ್ಚಿನ ಕಂಪನಿಗಳು ಒಪ್ಪಲ್ಲ. ಒಪ್ಪಿಗೆ ಇಲ್ಲದೆ ಲಾಗಿನ್ ಆಗಬೇಡಿ. ರಜೆ ನಂತರ ವಾಪಸ್ ಬರಲೇಬೇಕು ಅನ್ನೋ ಷರತ್ತು ಹೆರಿಗೆ ರಜೆ ಕಾನೂನಿನಲ್ಲಿ ಇಲ್ಲ. ಆದರೆ ನೋಟಿಸ್ ಅವಧಿ ರಜೆಯೊಳಗೇ ಓಡುತ್ತೋ, ಆಮೇಲೆ ಶುರುವೋ ಅನ್ನೋದು ಕಂಪನಿ ನಿಯಮ. 90 ದಿನದ ನೋಟಿಸ್ ರಜೆ ಮುಗಿದ ಮೇಲೆ ಅಂದರೆ ನಿಮ್ಮ ಪ್ರಯಾಣವೇ ಮೂರು ತಿಂಗಳು ಮುಂದಕ್ಕೆ. ರಜೆ ಅರ್ಜಿ ಕೊಡೋ ದಿನವೇ ಆಫರ್ ಲೆಟರ್ ತೆಗೆದು ಆ ಸಾಲು ಓದಿ.