ರೂಪಾಯಿಗೂ ನೇಪಾಳದ ಹಾಗೆ ಒಂದೇ ದರ ಯಾಕೆ ಕಟ್ಟಬಾರದು?

ಪ್ರಶ್ನೆ (ತೀರ್ಥಹಳ್ಳಿ):
ನಮ್ಮದು ಅಡಿಕೆ ತೋಟ. ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಈ ಸಲದ ಕಾಳು ಒಣಗಿಸಿ ಚೀಲ ಕಟ್ಟಿಟ್ಟಿದ್ದೇನೆ, ಕೊಡೋದೋ ಕಾಯೋದೋ ತಿಳಿಯುತ್ತಿಲ್ಲ. ಮಂಡಿಯಲ್ಲಿ ಕೇಳಿದರೆ ವಿಯೆಟ್ನಾಂ ಮಾಲು, ಡಾಲರ್ ದರ ಅಂತಾರೆ. ಪೊಟ್ಯಾಷ್ ಗೊಬ್ಬರ ತರೋಕೆ ಹೋದರೂ ಅದೇ ಮಾತು. ನೇಪಾಳದಲ್ಲಿ ನಮ್ಮ 100 ರೂಪಾಯಿಗೆ ಅವರ 160 ಅಂತ 1993ರಿಂದ ಹಾಗೇ ಇದೆ. ಭೂತಾನದಲ್ಲಿ ಒಂದಕ್ಕೊಂದು. ರಿಸರ್ವ್ ಬ್ಯಾಂಕ್ ಡಾಲರಿಗೂ ಹೀಗೇ ಒಂದು ದರ ಗಟ್ಟಿ ಮಾಡಿದರೆ ರೈತನಿಗೆ ನೆಮ್ಮದಿ ಅಲ್ವಾ?

ಉತ್ತರ (ಸಾಗರ, ಬ್ಯಾಂಕಿನಿಂದ ನಿವೃತ್ತ):
ದರ ಹೇಳಿದರೆ ಸಾಲದು ಸ್ವಾಮಿ. ಆ ದರಕ್ಕೆ ಕೇಳಿದವರಿಗೆಲ್ಲ ಕೊಡೋಕೆ ಡಾಲರ್ ಇರಬೇಕು. ಥಾಯ್ಲೆಂಡ್ ಡಾಲರಿಗೆ ಸುಮಾರು 25 ಬಾತ್ (ಅಲ್ಲಿನ ಹಣ) ಅಂತ ಹಿಡಿದು ಕೂತಿತ್ತು. ದರ ಅಲುಗಲ್ಲ ಅಂತ ನಂಬಿ ಅಲ್ಲಿನ ಕಂಪನಿಗಳು ಡಾಲರಲ್ಲೇ ಸಾಲ ಎತ್ತಿದವು. ದರ ಕಾಯಲು ಇದ್ದ ಡಾಲರ್ ಸುರಿದೂ ಸಾಲದೆ 1997ರ ಜುಲೈ 2ರಂದು ಕೈಬಿಟ್ಟರು. ಮರುವರ್ಷ ಜನವರಿಗೆ ಒಂದು ಡಾಲರ್ 50 ಬಾತ್ ದಾಟಿತು. ಬಾತ್ ಲೆಕ್ಕದಲ್ಲಿ ಸಾಲ ದುಪ್ಪಟ್ಟು!

ನೇಪಾಳದ ಮಾತು ಬೇರೆ. ಅವರ ವ್ಯಾಪಾರದ ದೊಡ್ಡ ಪಾಲು ನಮ್ಮ ಜೊತೆಗೇ, ಗಡಿಯೂ ತೆರೆದಿದೆ. ನಮ್ಮ ವ್ಯಾಪಾರ ಹತ್ತಾರು ದೇಶಗಳ ಜೊತೆ ಹಂಚಿಹೋಗಿದೆ.

ಉತ್ತರ (ಹೊಸನಗರ, ಅರ್ಥಶಾಸ್ತ್ರ ಪಾಠ ಮಾಡುವವಳು):
ಅಣ್ಣಾ, ನಿಮ್ಮ ಮೆಣಸಿನ ಚೀಲದಿಂದಲೇ ನೋಡಿ. ದರ ಕಟ್ಟಿಬಿಟ್ಟಿದ್ದೇವೆ ಅಂದುಕೊಳ್ಳಿ. ಇಲ್ಲಿ ಕೂಲಿ, ಗೊಬ್ಬರ ಎಲ್ಲ ಏರುತ್ತಲೇ ಇರುತ್ತದೆ. ವಿಯೆಟ್ನಾಂ ತನ್ನ ಹಣ ಇಳಿಸಿತು ಅನ್ನಿ. ಆಗ ಅವರ ಮೆಣಸು ನಮ್ಮ ಮಂಡಿಗೆ ಇನ್ನೂ ಅಗ್ಗವಾಗಿ ಬರುತ್ತದೆ. ನೀವು ಬೇಡುತ್ತಿರುವ ಗಟ್ಟಿ ದರವೇ ನಿಮಗೆ ತಿರುಗುತ್ತದೆ. ಅರ್ಜೆಂಟೀನಾದಲ್ಲಿ ಆದದ್ದು ಇದೇ. 1991ರಲ್ಲಿ ಡಾಲರಿಗೆ ದರ ಕಟ್ಟಿ ಕಾನೂನೇ ಮಾಡಿದರು, ಮರುವರ್ಷದಿಂದ ಒಂದು ಪೆಸೊಗೆ ಒಂದು ಡಾಲರ್. ಬೆಲೆ ಏರಿಕೆ ನಿಂತಿತು, ಅದು ನಿಜ. ಆದರೆ 1999ರಲ್ಲಿ ಪಕ್ಕದ ಬ್ರೆಜಿಲ್ ತನ್ನ ಹಣ ಇಳಿಯಲು ಬಿಟ್ಟಿತು, ಅರ್ಜೆಂಟೀನಾದ ಮಾಲು ತುಟ್ಟಿಯಾಯಿತು. 2002ರ ಜನವರಿಯಲ್ಲಿ ಆ ದರವೇ ಮುರಿಯಿತು.

ಇನ್ನೊಂದು: ಹಣ ಸಲೀಸಾಗಿ ಒಳಗೆ ಹೊರಗೆ ಓಡಾಡುವಾಗ ದರ ಕಟ್ಟಿದರೆ ಬಡ್ಡಿ ನಮ್ಮ ಕೈಲಿರಲ್ಲ. ಅಮೆರಿಕ ಬಡ್ಡಿ ಏರಿಸಿದರೆ, ಹಣ ಅಲ್ಲಿಗೆ ಓಡದಂತೆ ನಾವೂ ಏರಿಸಬೇಕು, ಇಲ್ಲಿ ಕೊಳೆರೋಗಕ್ಕೆ ಅಡಿಕೆ ಉದುರಿಹೋಗಿದ್ದರೂ ಸರಿ. ಅದಕ್ಕೇ 1993ರಿಂದ ದರವನ್ನು ಮಾರುಕಟ್ಟೆಗೆ ಬಿಟ್ಟಿದ್ದಾರೆ, ಜಾಸ್ತಿ ಕುಣಿದಾಗ ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ತಡೆಯುತ್ತದೆ. ನನಗೆ ಇದೇ ಸರಿ ಅನಿಸುತ್ತದೆ. ಮೆಣಸಿಗೆ ಬೇಕಾದ ಕಾವಲು ಬೇರೆ ಇದೆ. ಆಮದು ಮೆಣಸಿಗೆ ಕನಿಷ್ಠ ಬೆಲೆ ಕೆಜಿಗೆ 500 ರೂಪಾಯಿ ಅಂತ 2017ರಲ್ಲಿ ಮಾಡಿದ್ದರಲ್ಲ, ಅದನ್ನು ಏರಿಸಿ ಅಂತ ಕೇಳೋಣ.

ಪ್ರಶ್ನೆ ಕೇಳಿದವರು:
ವಿಯೆಟ್ನಾಂ ಲೆಕ್ಕ ಈಗ ತಲೆಗೆ ಹೋಯ್ತು ತಂಗೀ. ಆದರೆ ರೂಪಾಯಿ ಇಳಿದಾಗ ಪೊಟ್ಯಾಷ್ ಏರುತ್ತಲ್ಲ, ಅದಕ್ಕೆ?

ಹೊಸನಗರ:
ಅದು ನಿಜವಾದ ಪೆಟ್ಟು, ಇಲ್ಲ ಅನ್ನಲ್ಲ. ಪೊಟ್ಯಾಷ್ ಹೆಚ್ಚೂಕಡಿಮೆ ಪೂರಾ ಹೊರಗಿಂದಲೇ ಬರಬೇಕು. ಅಲ್ಲಿ ಸರ್ಕಾರದ ಸಬ್ಸಿಡಿ ಏರಬೇಕು. ದರ ಕಟ್ಟಿ ಆ ಒಂದು ಚೀಲ ಉಳಿಸಲು ಹೋದರೆ ಮೆಣಸಿನ ಚೀಲ ಕಳೆದುಕೊಳ್ಳುತ್ತೀರಿ.